ಶನಿವಾರದ ಪಂದ್ಯಕ್ಕೆ ಮುಂಚೆ

ಯಾರಿವ್, ಸಸ್ಕಾಚೆವಾನ್
1974ರ ಜನವರಿ 9, ಬುಧವಾರ

ನನ್ನ ಮುದ್ದಿನ ಒರೆಸ್ಟ್‌ಗೆ,

ಮೊದಲು ಹೇಳು, ಮೊಣಕಾಲಿನ ಊತ ಇಳಿಯಿತೇ? ಲಿಡಿಯಾಳ ವಾಂತಿ ನಿಂತಿತೇ? ಆರನೆಯ ತಿಂಗಳಲ್ಲಿ ನಿನ್ನ ಹೆಂಡತಿ ಹಿಮ ಗೋರುವ ಸಲಿಕೆ ಮುಟ್ಟಕೂಡದು, ಅದು ನಿನ್ನ ಕೆಲಸ. ಹುಳಿ ಎಲೆಕೋಸು ಬೇಕೆನಿಸಿದರೆ ಹೊಟ್ಟೆ ತುಂಬ ತಿನ್ನಲಿ, ನೀವಿರುವ ಕೆಲ್ಬಿಯ ಹೆಂಗಸರ ಮಾತು ಕೇಳಬೇಡಿ. ನನಗೆ ಸೊಂಟನೋವು ಬಿಟ್ಟರೆ ಬೇರೇನಿಲ್ಲ. ಫೋನು ಮಾಡಬಹುದಿತ್ತು, ಆದರೆ ನಮ್ಮ ಲೈನಿನಲ್ಲಿ ಎಂಟು ಮನೆಗಳಿವೆಯಲ್ಲ. ನಾನು ರಿಸೀವರ್ ಎತ್ತಿದರೆ ಸಾಕು, ಪಕ್ಕದ ಮನೆಯ ಪರಸ್ಕಾ ಉಸಿರು ಬಿಗಿಹಿಡಿದು ಕೇಳಿಸಿಕೊಳ್ಳುತ್ತಾಳೆ. ಅವಳಿಗೆ ಉಬ್ಬಸ ಬೇರೆ, ಪಾಪ, ಗೊತ್ತಾಗಿಬಿಡುತ್ತದೆ.

ಈಗ ಸುದ್ದಿ. ನಮ್ಮೂರಿನ ಐಸ್ ಹಾಕಿ ತಂಡ ಆರು ಪಂದ್ಯ ಆಡಿ ಐದು ಗೆದ್ದಿದೆ. ಇನ್ನೊಮ್ಮೆ ಓದು, ಐದು! ಎರಡು ಚಳಿಗಾಲ ಬೀಗ ಜಡಿದಿದ್ದ ರಿಂಕನ್ನು ನಿಮ್ಮಪ್ಪ ನವೆಂಬರಿನಲ್ಲಿ ತೆಗೆದಾಗ ಒಳಗೆ ಬೆಕ್ಕು ಮರಿ ಹಾಕಿತ್ತು. ನೆಸ್ಟರ್‌ಗೆ ಅರವತ್ತಕ್ಕೆ ಅರಳುಮರಳು ಎಂದು ಅಂಗಡಿಯ ಮುಂದೆ ಆಡಿಕೊಂಡರು. ಇವರು ಮಾತ್ರ ಗಟ್ಟಿ ಚಳಿ ಬಂದ ದಿನ ರಿಂಕಿನ ಬಾಗಿಲುಗಳನ್ನೆಲ್ಲ ತೆರೆದಿಟ್ಟು, ಬಿಸಿನೀರಿನ ಪೀಪಾಯಿಯನ್ನು ಜಾರುಬಂಡಿಗೆ ಕಟ್ಟಿ, ಹಿಂದೆ ಗೋಣಿತಾಟು ಎಳೆಯುತ್ತ, ಪದರದ ಮೇಲೆ ಪದರ ನೀರು ಹಾಯಿಸಿ, ಹನ್ನೊಂದು ದಿನದಲ್ಲಿ ಕನ್ನಡಿಯಂಥ ಮಂಜುಗಡ್ಡೆ ಮಾಡಿದರು. ಮೊದಲ ಪೀಪಾಯಿಗೆ ಹೊಸ ಪಾದ್ರಿ ವಾಸಿಲ್ ಬಂದು ಪವಿತ್ರ ಜಲ ಸುರಿದರು. ಸುರಿದವರು ಸುಮ್ಮನೆ ಹೋಗಲಿಲ್ಲ, ಗೋಲು ಕಾಯುವವರು ಯಾರಾದರೂ ಬೇಕೇ ಎಂದು ಮೆಲ್ಲಗೆ ಕೇಳಿದರಂತೆ. ನಿನ್ನ ಜಾಗದಲ್ಲಿ ಈಗ ನಿಲ್ಲುವುದು ಅವರೇ. ಪಾದ್ರಿಯ ಮೇಲೆ ರಬ್ಬರ್ ಪಕ್ ಬೀಸಲು ಎದುರಾಳಿಗಳಿಗೆ ಕೈ ಬರುವುದಿಲ್ಲ ಎಂದು ಜನ ನಗುತ್ತಾರೆ. ನಾನು ಕಣ್ಣಾರೆ ಕಂಡಿದ್ದೇನೆ, ಚೆನ್ನಾಗಿಯೇ ಬರುತ್ತದೆ, ಆದರೂ ಅವರು ಹೆದರುವುದಿಲ್ಲ. ಹಾಲಿನ ಲಾರಿಯ ಇವಾನ್‌ಗೆ ನಲವತ್ತೊಂದು ವರ್ಷ. ಕಟ್ಟಿಸಿಕೊಂಡ ಹಲ್ಲು ತೆಗೆದು ರಿಂಕಿನಲ್ಲಿ ನಾನು ನಡೆಸುವ ಕ್ಯಾಂಟೀನಿನ ಲೋಟದಲ್ಲಿಟ್ಟು ಆಡಲು ಇಳಿಯುತ್ತಾನೆ, ಒಂಬತ್ತು ಗೋಲು ಹೊಡೆದಿದ್ದಾನೆ. ಉಳಿದವರೆಲ್ಲ ಈಚೆಗೆ ಶಾಲೆ ಮುಗಿಸಿದವರು. ಮೊದಲ ಪಂದ್ಯಕ್ಕೆ ನಲವತ್ತು ಜನ ಬಂದಿದ್ದರು. ಕಳೆದ ಶನಿವಾರ ನಿಲ್ಲಲು ಜಾಗವಿರಲಿಲ್ಲ, ನನ್ನ ಆಲೂಗಡ್ಡೆ ಕಡುಬು ಮೊದಲ ವಿರಾಮಕ್ಕೇ ಖಾಲಿಯಾಯಿತು.

ಇಷ್ಟೆಲ್ಲ ಗೆದ್ದರೂ ನಿಮ್ಮಪ್ಪನ ಮುಖದಲ್ಲಿ ನಗುವಿಲ್ಲ. ಯಾಕೆಂದು ನಿನಗೂ ಗೊತ್ತು, ನನಗೂ ಗೊತ್ತು. ಏಳು ಜನ ಆಟಗಾರರು ಗಣಿ ಕೆಲಸಕ್ಕೆ ಹೊರಟುಹೋದ ಆ ವರ್ಷ, ಉಳಿದವರು ಒಟ್ಟಿಗೆ ನಿಂತರೆ ತಂಡ ಉಳಿಯುತ್ತದೆ ಎಂದು ಅವರು ಮನೆಮನೆ ತಿರುಗಿದರು. ಅದೇ ವಾರ ನೀನು ಕೆಲ್ಬಿ ತಂಡದ ಅಂಗಿ ತೊಟ್ಟೆ. ಗೋಲು ಕಾಯುವವನಿಲ್ಲದೆ ನಮ್ಮ ತಂಡ ಮುಚ್ಚಿಹೋಯಿತು. "ಅವನ ಹೆಸರು ಈ ಮನೇಲಿ ಎತ್ತಬೇಡ" ಅಂದವರು, ಅಂದಿನಿಂದ ತಾವೂ ಎತ್ತಿಲ್ಲ. ನಿನ್ನ ಮದುವೆಗೂ ಬರಲಿಲ್ಲ. ನಮ್ಮ ಹಳೆಯ ಪಂಚಾಂಗದ ಕ್ರಿಸ್‌ಮಸ್ಸಿನ ಮುನ್ನಾದಿನ, ಮೊನ್ನೆ ಭಾನುವಾರ, ಹನ್ನೆರಡು ಬಗೆ ಅಡುಗೆ ಮಾಡಿ, ರೂಢಿಯಂತೆ ಮನೆಯ ಸತ್ತವರಿಗೆಂದು ಒಂದು ಖಾಲಿ ತಟ್ಟೆ ಇಟ್ಟೆ. ಅವರು ಅದನ್ನೇ ನೋಡುತ್ತ ಕೂತು, "ಎರಡು ಇಡಬೇಕಿತ್ತು" ಅಂದರು. ಸಿಟ್ಟಿನಿಂದ ಅಂದರೋ ಸಂಕಟದಿಂದ ಅಂದರೋ ತಿಳಿಯಲಿಲ್ಲ.  ಬದುಕಿರುವ ಮಗನಿಗೆ ಸತ್ತವರ ತಟ್ಟೆಯೇ? ಕೂತಲ್ಲೇ ತೀರ್ಮಾನ ಮಾಡಿದೆ. ನಿನ್ನ ಮಗು ಹುಟ್ಟುವುದರೊಳಗೆ ನೀವಿಬ್ಬರೂ ಒಂದೇ ಮೇಜಿಗೆ ಕೂತು ಉಣ್ಣಬೇಕು, ಆಗಿಸಿಯೇ ತೀರುತ್ತೇನೆ.

ಬರುವ ಶನಿವಾರ ಕೆಲ್ಬಿಯವರು ನೀವು ಇಲ್ಲಿಗೆ ಆಡಲು ಬರುತ್ತೀರಿ. ನೀನು ಮೊಣಕಾಲಿನ ನೆಪ ಹೇಳಿ ಮನೆಯಲ್ಲೇ ಉಳಿಯುವ ಯೋಚನೆಯಲ್ಲಿದ್ದೀಯೆಂದು ಲಿಡಿಯಾ ಬರೆದಿದ್ದಾಳೆ. ಅವಳನ್ನು ಗದರಬೇಡ, ಕೇಳಿದವಳು ನಾನು. ನೆಪ ಗಿಪ ಬೇಡ, ಬಂದು ಆಡು. ಮಧ್ಯಾಹ್ನವೇ ಬಂದು ಮೊದಲು ಮನೆಯಲ್ಲಿ ಊಟ ಮಾಡು, ಇಬ್ಬರೂ ಬನ್ನಿ. ರಿಂಕಿನಲ್ಲಿ ನಾನು ನಮ್ಮೂರಿನ ಪರವಾಗಿಯೇ ಕೂಗುವವಳು, ಬೇಜಾರು ಮಾಡಿಕೊಳ್ಳಬೇಡ. ನೀವು ಸೋಲುತ್ತೀರಿ.

ನಿಮ್ಮಿಬ್ಬರನ್ನೂ, ಒಳಗೆ ಒದೆಯುತ್ತಿರುವ ಪುಟ್ಟ ಜೀವವನ್ನೂ ದೇವಮಾತೆ ತನ್ನ ಸೆರಗಿನಲ್ಲಿಟ್ಟು ಕಾಯಲಿ. ಪರಸ್ಕಾ ಕೂಡ ನಿಮ್ಮ ಕ್ಷೇಮ ಕೇಳಿದ್ದಾಳೆಂದು ತಿಳಿಸಬೇಕಂತೆ.

ನಿನ್ನ ಅಮ್ಮ,
ಸ್ಟೆಫಾನಿಯಾ

ತಾ. ಕ.: ಅಂಟಿಸಿದ ಲಕೋಟೆಯನ್ನು ಕೆಟಲಿನ ಆವಿಗೆ ಹಿಡಿದು ಬಿಚ್ಚಿದ್ದೇನೆ. ನಿಮ್ಮಪ್ಪನಿಗೆ ಹೇಳಿಬಿಟ್ಟೆ ಕಣೋ. ಈಗಷ್ಟೇ, ಅವರು ಊಟಕ್ಕೆ ಕೂತಿದ್ದಾಗ. ಆ ವರ್ಷ ಕಣ್ಣಿನ ಡಾಕ್ಟರ ನೆಪ ಮಾಡಿ ಬಸ್ಸು ಹತ್ತಿ ಕೆಲ್ಬಿಗೆ ಹೋದವಳು ನಾನು, ಮುಳುಗುವ ತಂಡದಿಂದ ನನ್ನ ಮಗನನ್ನು ಎತ್ತಿಕೊಳ್ಳಿ ಎಂದು ಅಲ್ಲಿನ ಕೋಚನ್ನು ಬೇಡಿದವಳು ನಾನು, ನೀನು ಒಲ್ಲೆ ಎಂದಾಗ ಅತ್ತು ಕರೆದು ಕಳಿಸಿದವಳೂ ನಾನೇ ಎಂದು. ಎರಡು ವರ್ಷ ನನ್ನ ತಪ್ಪನ್ನು ನೀನು ಹೊತ್ತೆ, ಒಂದು ಸಲವೂ ಬಾಯಿ ಬಿಡಲಿಲ್ಲ. ಇನ್ನು ಸಾಕು.  ಚಮಚ ಕೆಳಗಿಟ್ಟರು, ಕೋಟು ಹಾಕಿಕೊಂಡು ರಿಂಕಿಗೆ ಹೊರಟರು. ಒಂದು ಮಾತು ಗೊತ್ತಿರಲಿ, ಈ ವಾರವೆಲ್ಲ ಅವರು ತಮ್ಮ ಆಟಗಾರರಿಗೆ ಹೇಳಿಕೊಡುತ್ತಿರುವುದು ಒಂದೇ. ಕೆಲ್ಬಿಯ ಗೋಲ್‌ಕೀಪರ್ ದಣಿದಾಗ ಎಡಗೈ ಇಳಿಸುತ್ತಾನೆ, ಅವನ ಎಡಭುಜದ ಮೇಲಿಂದ ಗೋಲು ಹೊಡೆಯಿರಿ ಎಂದು. ಬಾಗಿಲ ಚಿಲಕದ ಮೇಲೆ ಕೈಯಿಟ್ಟವರು, ನನ್ನ ಕಡೆ ತಿರುಗದೆಯೇ ಹೇಳಿದರು:

"ಒರೆಸ್ಟ್‌ಗೆ ಬರಿ. ಎಡಗೈ ಇಳಿಸಬೇಡ ಅನ್ನು."