ಆರನೇ ಕೋಣೆಯ ಅಳು

ಬೆಟ್ಟದ ಮೇಲಿನ ಹೋಟೆಲು
ಗುರುವಾರ, ಮಧ್ಯಾಹ್ನ

ಪ್ರೀತಿಯ ಅಪ್ಪನಿಗೆ,

ಕೋಪ ಮಾಡಿಕೊಳ್ಳಬೇಡ. ಕೆಲಸಕ್ಕೆ ಹೋಗುತ್ತೇನೆ ಎಂದೆನೇ ಹೊರತು ಎಲ್ಲಿಗೆ ಎಂದು ಹೇಳಲಿಲ್ಲ. ಹೇಳಿದ್ದರೆ ನೀನು ಬಾಗಿಲಿಗೆ ಅಡ್ಡ ನಿಲ್ಲುತ್ತಿದ್ದೆ. ಹೌದು, ಅದೇ ಹೋಟೆಲು. ಹದಿನೈದು ವರ್ಷದ ಹಿಂದೆ ನಾವಿಬ್ಬರೂ ಗಾರೆ ಕೆಲಸ ಮಾಡಿಹೋದ ಜಾಗ.

ನೂರು ವರ್ಷ ದಾಟಿದ ಕಟ್ಟಡ ನಿನ್ನ ಹಾಗೇ ಗಟ್ಟಿಮುಟ್ಟಾಗಿದೆ. ಮೆಟ್ಟಿಲುಗಳು ಮಾತ್ರ ನಿನ್ನ ಮೊಣಕಾಲಿನ ಹಾಗೆ ಕಟಕಟ ಎನ್ನುತ್ತವೆ. ಹೊಸ ಮ್ಯಾನೇಜರ್ ದೆವ್ವದ ಕಥೆಯನ್ನು ಅಚ್ಚು ಹಾಕಿಸಿ ಪ್ರತಿ ಮೇಜಿನ ಮೇಲೂ ಇಟ್ಟಿದ್ದಾನೆ. ಆರನೇ ಕೋಣೆಯಲ್ಲಿ ಹೆಂಗಸೊಬ್ಬಳು ಅಳುತ್ತಿದ್ದಳಂತೆ. ಅಳು ನಿಂತ ಚಳಿಗಾಲದಲ್ಲೇ ಹೊಸ ಮದುಮಕ್ಕಳಿಬ್ಬರನ್ನು ಮಲಗಿದಲ್ಲಿಂದಲೇ ಕರೆದುಕೊಂಡಳಂತೆ. ಅವನು ನಗುತ್ತಾ ಹೇಳುತ್ತಿದ್ದರೆ, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಹಾಗೆ ನನ್ನ ಕೈ ಗಾರೆ ಬಳಿಯುವ ಕರಣೆಯನ್ನು ಚೀಲದೊಳಕ್ಕೆ ತಳ್ಳಿತು.

ಆ ಇಬ್ಬರು ಸತ್ತಂದಿನಿಂದ ಬೀಗ ಬಿದ್ದಿದ್ದ ಆ ಕೋಣೆ ಶನಿವಾರ ತೆರೆಯುತ್ತದೆ. ಆರಿಸಿಟ್ಟಿದ್ದ ಕಲ್ಲಿದ್ದಲ ಬಾಯ್ಲರನ್ನೂ ಮತ್ತೆ ಹಚ್ಚುತ್ತಾರಂತೆ. ದೆವ್ವ ನೋಡಲೆಂದೇ ಒಂದು ಜೋಡಿ ಬರುತ್ತಿದೆ. ಸುಣ್ಣ ಬಳಿಯಲು ನನ್ನನ್ನು ಕರೆಸಿದರು. ಯಾರಿಗೂ ತಿಳಿಯದ ಹಾಗೆ, ನಾವು ಮುಚ್ಚಿದ ಹೊಗೆಗೂಡಿನ ಬಾಯಿ ಬಿಚ್ಚಿ ಬಂದುಬಿಡೋಣ ಎಂದೇ ನಾನು ಒಪ್ಪಿಕೊಂಡೆ.

ಅಳು ಯಾರದೆಂದು ನಿನಗೂ ನನಗೂ ಗೊತ್ತು. ಆ ಕೋಣೆಯ ಬೆಂಕಿಗೂಡಿನಿಂದ ಮಾಡಿನವರೆಗೆ ಹೋಗುವ ಹೊಗೆಗೂಡಿನಲ್ಲಿ ಸುಳಿಯುವ ಗಾಳಿಯದು. ಅದನ್ನು ನಿಲ್ಲಿಸಲೆಂದೇ ಆಗ ನಮ್ಮನ್ನು ಕರೆಸಿದ್ದು. ನೀನು ಮಾಡಿನ ಮೇಲೆ ಕೂತು ಗೂಡಿನ ಬಾಯಿಗೆ ಇಟ್ಟಿಗೆ ಕಟ್ಟಿ, ಒಂದೇ ಒಂದು ಇಟ್ಟಿಗೆಯ ಜಾಗ ಬಿಟ್ಟೆ. ಕೆಳಗಿನ ಬಾಯ್ಲರಿನ ಹೊಗೆಯೂ ಅದರಲ್ಲೇ ಹೋಗಬೇಕಿತ್ತಲ್ಲ. "ಗೋಡೆಗೂ ಉಸಿರು ಬೇಕು ಕಣೇ" ಅಂದಿದ್ದೆ.

ಸಾವಿನ ಸುದ್ದಿ ಬಂದ ದಿನ, ನಾನು ಬಿಟ್ಟ ಜಾಗ ಸಾಲಲಿಲ್ಲವೇನೋ ಎಂದು ನೀನು ಒಂದು ಸಲ ಹೇಳಿದೆ. ಆಮೇಲೆ ನೀನು ಕರಣೆ ಮುಟ್ಟಲಿಲ್ಲ. ಕಟ್ಟಿದ ಗೋಡೆಗಳ ಮುಂದೆ ಹಾದುಹೋಗುವಾಗಲೂ ತಲೆ ತಗ್ಗಿಸುತ್ತಿದ್ದೆ. ನಾನು ನೋಡದವಳ ಹಾಗೆ ಮುಂದೆ ನಡೆಯುತ್ತಿದ್ದೆ ಅಪ್ಪಾ.

ಇವತ್ತು ಬೆಳಿಗ್ಗೆ ಆ ಕೋಣೆಯಲ್ಲಿ ಸುಣ್ಣ ಕಲಸುತ್ತಿದ್ದೆ. ನನಗೆ ಹೇಳದೆ ಕೆಳಗೆ ಬಾಯ್ಲರ್ ಹಚ್ಚಿದ್ದಾರೆ. ಹೊಗೆ ಕಾಣಲಿಲ್ಲ, ವಾಸನೆಯೂ ಇಲ್ಲ, ಬರೀ ಕಲ್ಲಿದ್ದಲ ವಿಷಗಾಳಿ. ತಲೆ ಭಾರವಾಯಿತು. ಎದೆಯ ಮೇಲೆ ಯಾರೋ ಹತ್ತಿ ಕೂತಂತಾಯಿತು. ಕಾಲು ಸೋತು, ಬಾಗಿಲವರೆಗೆ ತೆವಳಿಕೊಂಡು ಬಂದೆ. ಹೊರಗೆ ನಿಂತಿದ್ದ ಮ್ಯಾನೇಜರ್ ಮುಖ ಅರಳಿಸಿಕೊಂಡು ಕೇಳಿದ: "ಕಂಡಳಾ?"

ಗೂಡು ಮುಚ್ಚಿದೆ, ಶನಿವಾರ ಬರುವವರು ಬದುಕುವುದಿಲ್ಲ ಎಂದೆ. ಅವನು ನಂಬಲಿಲ್ಲ. ಸುಣ್ಣ ಬಳಿಯಲು ಬಂದವಳಿಗೆ ಮಾಡಿನ ಮೇಲಿನ ಸಂಗತಿ ಹೇಗೆ ಗೊತ್ತು ಎಂದು ಕೇಳಿದ. ನುಂಗಲಾರದ, ಉಗುಳಲಾರದ ತುತ್ತು. ಕೊನೆಗೆ ಹೇಳಿದೆ. ಅವನ ನಗು ಇಳಿದುಹೋಯಿತು. ಬಾಯ್ಲರ್ ಆರಿಸಿ ಏಣಿ ತರಿಸಿದ. ಪೊಲೀಸರಿಗೂ ಫೋನ್ ಮಾಡಿದ.

ಮಾಡು ಹತ್ತಿ ಗೂಡಿನ ಬಾಯಿಯ ಇಟ್ಟಿಗೆ ಒಡೆದೆ. ಅಳು ಮತ್ತೆ ಶುರುವಾಗಿದೆ. ಜೀಪು ಬೆಟ್ಟ ಹತ್ತುವಷ್ಟರಲ್ಲಿ ಇದನ್ನು ಅಂಚೆಯವನ ಕೈಗೆ ಕೊಡಬೇಕು. ಹೊತ್ತುಹೊತ್ತಿಗೆ ಊಟ ಮಾಡು.

ಇಂತಿ,
ನಿನ್ನ ಬಾಯಿಬಡುಕಿ

ಮರೆತದ್ದಲ್ಲ, ಬರೆಯಲು ಧೈರ್ಯ ಸಾಲದೆ ಉಳಿಸಿಕೊಂಡದ್ದು: ಕೊನೆಯ ದಿನ ನೀನು ಜ್ವರ ಬಂದು ಬೆಟ್ಟ ಇಳಿದಿದ್ದೆ. ಅಳು ಇನ್ನೂ ಸಣ್ಣಗೆ ಕೇಳುತ್ತಿದೆ, ನಿಮ್ಮಪ್ಪನಿಗೆ ಕೆಲಸ ಬರುವುದಿಲ್ಲ ಎಂದು ಹಳೆಯ ಮ್ಯಾನೇಜರ್ ಎಲ್ಲರೆದುರು ಹಂಗಿಸಿದ. ನಿನ್ನನ್ನು ಅಂದದ್ದು ನನಗೆ ತಡೆಯಲಾಗಲಿಲ್ಲ. ನೀನು ಬಿಟ್ಟ ಜಾಗಕ್ಕೆ ಇಟ್ಟಿಗೆ ಇಟ್ಟವಳು ನಾನು. ನೀನು ಬಿಟ್ಟದ್ದು ಸಾಕಾಗಿತ್ತು ಅಪ್ಪಾ. ಹದಿನೈದು ವರ್ಷ ನಿನ್ನೆದುರೇ ಕೂತು ಉಂಡೆ, ಹೇಳಲಿಲ್ಲ.