ಹೂವಮ್ಮನ ಮನೆಯ ಕೆಸುವಿನ ಗಂಟು

ರಿಪ್ಪನ್‌ಪೇಟೆ
ತಾ. 23-4-1964

ತಂಗಿ ಬೆಳ್ಳಮ್ಮನ ಜಗಲಿಯಲ್ಲಿ ನೆರೆದಿರುವ ಮಹಾಜನಗಳೇ, ಮಾತೆಯರೇ, ಬಾಗಿಲ ಸಂದಿಯಲ್ಲಿ ನಿಂತು ಕೇಳುತ್ತಿರುವ ಸೊಸೆಯಂದಿರೇ,

ಕಾಗದ ಬಂದಿರುವುದು ಬೆಳ್ಳಮ್ಮನಿಗೆ. ಆದರೆ ಆಕೆಗೆ ಓದಲು ಬರದು, ನಿಮಗೆ ಸುಮ್ಮನಿರಲು ಬರದು. ಆದ್ದರಿಂದ ಎಲ್ಲರೂ ಎಲೆಯಡಿಕೆಯ ಕವಳ ಹಾಕಿಕೊಂಡು ಹತ್ತಿರ ಸರಿದು ಕೂತುಕೊಳ್ಳಿ. ಓದಿ ಹೇಳುತ್ತಿರುವ ಹೇರಂಬಯ್ಯ ಮೇಷ್ಟ್ರಲ್ಲಿ ಒಂದು ವಿನಂತಿ: ದಯಮಾಡಿ ಹಾಜರಿ ಕೂಗುವ ಧ್ವನಿಯಲ್ಲಿ ಓದಬೇಡಿ. ಹದಿನೆಂಟರ ಪ್ರಾಯದಿಂದ ನಾಟಕ ಕಂಪನಿಯ ಪರದೆ ಹೊತ್ತು, ಆಮೇಲೆ ಪಾತ್ರ ಹೊತ್ತು, ಈಗ ಹುಡುಗರಿಗೆ ನಾಟಕ ಹೇಳಿಕೊಡುತ್ತಿರುವ ಮಾಸ್ತಪ್ಪನ ಕಾಗದ ಇದು. ಎದೆ ತುಂಬಿ ಓದಬೇಕು. ಎಲ್ಲಿ ನಾನು ನಿಟ್ಟುಸಿರು ಬಿಟ್ಟಿದ್ದೇನೋ ಅಲ್ಲಿ ನೀವೂ ಬಿಡಬೇಕು.

ತಂಗೀ, ನಾವಿಲ್ಲಿ ಕ್ಷೇಮ. ಹಾಗೆ ಬರೆಯುವುದು ಪದ್ಧತಿ, ಅದಕ್ಕೇ ಬರೆದೆ. ನಿನ್ನ ಮಗ ಕೆರಿಯಪ್ಪ ನನ್ನ ಮನೆಯಲ್ಲಿ ಎಲೆ ಹಾಕಿಕೊಂಡು ಕೂರುವವರೆಗೆ ಆ ಶಬ್ದಕ್ಕೆ ಇಲ್ಲಿ ಪ್ರವೇಶವಿಲ್ಲ.

ದೀಪಾವಳಿ ಕಳೆದು ಅವನು ಇಲ್ಲಿನ ಅಕ್ಕಿ ಗಿರಣಿಗೆ ಕೆಲಸಕ್ಕೆಂದು ಬಂದಿಳಿದಾಗ ನನ್ನ ಕಣ್ಣು ತುಂಬಿ ಬಂದಿತ್ತು. ಬಾಗಿಲು ತುಂಬುವ ಭುಜ. ಅಂಗಳದಲ್ಲಿ ನಿಂತು ‘ಮಾವ’ ಎಂದು ಕರೆದರೆ ಹಿತ್ತಲಿನ ಕೋಳಿ ಹಾರಬೇಕು, ಅಂಥ ಕಂಠ. ಇಂಥ ಸೋದರಳಿಯನನ್ನು ಇಟ್ಟುಕೊಂಡೂ ಇಷ್ಟು ವರ್ಷ ಸಣಕಲರಿಗೆ ಕಿರೀಟ ಕಟ್ಟಿದೆನಲ್ಲ ಎಂದು ಹಳಹಳಿಸಿದೆ. ಆಮೇಲೆ ಅವನು ಊಟಕ್ಕೆ ಕೂತ.

ಬಸಳೆ ಕಂಡು ಲೋಳೆ ಎಂದ. ಬದನೆಕಾಯಿಯಲ್ಲಿ ಬೀಜ ಇದೆ ಎಂದ. ಬದನೆಕಾಯಿಯಲ್ಲಿ ಬೀಜ ಇರದೆ ಮುತ್ತು ರತ್ನ ಇರುತ್ತದೆಯೇ? ಕಳಲೆಯ ವಾಸನೆಗೆ ಮೂಗು ಮುಚ್ಚಿದ, ಹಲಸಿನ ಹಣ್ಣು ಅಂಟು ಎಂದು ಕೈ ಹಿಂದಕ್ಕೆ ಕಟ್ಟಿಕೊಂಡ. ಮೀನು ತನ್ನನ್ನೇ ನೋಡುತ್ತದೆ ಎಂದ. ನಿನ್ನ ಅತ್ತಿಗೆ ತಲೆ ತೆಗೆದು ಬಡಿಸಿದರೆ, ತಲೆ ಎಲ್ಲಿ ಹೋಯಿತು ಅತ್ತೆ ಎಂದು ಕೇಳಿ ಎದ್ದುಹೋದ. ಅನ್ನ, ತಿಳಿಮಜ್ಜಿಗೆ, ಸುಟ್ಟ ಹಪ್ಪಳ: ಈ ಆನೆಯಂಥ ದೇಹ ನಿಂತಿರುವುದು ಇಷ್ಟರ ಮೇಲೆ. ಒಂದು ದಿನ ಅವಳು ಬದನೆಯನ್ನು ನುಣ್ಣಗೆ ಕಿವುಚಿ ಅನ್ನದೊಳಗೆ ಬಚ್ಚಿಟ್ಟಳು. ಗಿರಣಿಯವನಲ್ಲವೇ, ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ ಒಂದೊಂದು ಎಳೆಯನ್ನೂ ಆರಿಸಿ ಎಲೆಯ ಅಂಚಿಗೆ ಸಾಲಾಗಿ ಇಟ್ಟ. ಸಿಟ್ಟಿಲ್ಲ, ಸೆಡವಿಲ್ಲ. ಅದೇ ಇನ್ನೂ ಉರಿಯುವುದು.

ಒಬ್ಬನೇ ಮಗ ಎಂದು ಎಲೆಯ ಮುಂದೆ ಕೂತು, ಇದು ಬೇಕಾ ಪುಟ್ಟಾ, ಅದು ಬ್ಯಾಡವಾ ಪುಟ್ಟಾ ಎಂದು ಕೇಳಿ ಕೇಳಿ ಬಡಿಸಿದ್ದು ಯಾರು ತಂಗೀ? ನಮ್ಮ ಅವ್ವ ನಮ್ಮನ್ನು ಕೇಳಿದ್ದಳೇ? ಇರಲಿ. ಜನ ಕೂತಿದ್ದಾರೆ, ಇದನ್ನು ಇಲ್ಲಿಗೇ ಬಿಡುತ್ತೇನೆ.

ಸೀತಾರಾಮಪ್ಪನ ಮಗಳು ಲೋಲಾಕ್ಷಿಯ ವಿಷಯ ಹಿಂದಿನ ಕಾಗದದಲ್ಲಿ ಬರೆದಿದ್ದೆ. ಏಳನೆಯ ಕ್ಲಾಸು ಓದಿದ ಹುಡುಗಿ, ಮುಖದಲ್ಲಿ ಕಳೆ, ಮಾತಿನಲ್ಲಿ ಹಿತ. ಸೀತಾರಾಮಪ್ಪ ನನ್ನ ನಾಟಕ ತಂಡದ ಖಾಯಂ ಮಂತ್ರಿ, ಒಳ್ಳೆಯ ಮನುಷ್ಯ. ಅವನ ಹೆಂಡತಿ ಹೂವಮ್ಮ ಮಾತ್ರ ಯಾವ ನಾಟಕದಲ್ಲೂ ಸೇನಾಪತಿಯಾಗಬಹುದಾದ ಹೆಂಗಸು. ಹೆಣ್ಣು ನೋಡಲು ಬಂದ ಬಂಧುಗಳಿಗೆ ಆ ಮನೆಯಲ್ಲಿ ಕೆಸುವಿನ ಗಂಟು ಬಡಿಸುವುದು ರೂಢಿ. ಎಳೆಯ ಕೆಸುವಿನೆಲೆಯನ್ನು ಸುತ್ತಿ, ಗಂಟು ಹಾಕಿ, ಬೇಯಿಸಿ, ಬೆಳ್ಳುಳ್ಳಿ ಒಗ್ಗರಣೆ ಕೊಟ್ಟದ್ದು. ಅವಳ ಅತ್ತೆಯ ಕಾಲದಿಂದ ಆ ಮನೆಗೆ ಅದೇ ಹೆಸರು.

ನಮ್ಮ ಕಡೆ ಒಂದು ನಂಬಿಕೆ ಇದೆಯಲ್ಲ: ಕೆಸು ಹೆಚ್ಚುವಾಗ, ಬೇಯಿಸುವಾಗ, ಬಡಿಸುವಾಗ ‘ಕೆರೆತ’ ಎಂಬ ಮಾತು ಯಾರ ಬಾಯಿಂದಲೂ ಬರಕೂಡದು. ಬಂತೋ, ಪಾತ್ರೆಯಲ್ಲಿದ್ದದ್ದೆಲ್ಲ ಗಂಟಲು ಹಿಡಿಯುತ್ತದೆ. ಬಂದವರು ಉಂಡು ಗಂಟಲು ಕೆರೆದರೂ ನೀರು ಕುಡಿದು ಸುಮ್ಮನಿರಬೇಕು. ಹೇಳಿದರೆ ಅಡುಗೆ ಮಾಡಿದವಳ ಮುಖಕ್ಕೆ ಹೊಡೆದಂತೆ. ಹೆಣ್ಣು ನೋಡಲು ಹೊರಟ ದಿನ ಇದನ್ನು ನಿನ್ನ ಮಗನಿಗೆ ದಾರಿಯುದ್ದಕ್ಕೂ ಉರು ಹೊಡೆಸಿದ್ದೆ. ಒಂದೇ ಒಂದು ಗಂಟು ನುಂಗು, ಉಳಿದದ್ದನ್ನು ನಾನು ನೋಡಿಕೊಳ್ಳುತ್ತೇನೆ ಎಂದಿದ್ದೆ. ಗೋಣು ಹಾಕಿದ್ದ.

ಪಂಕ್ತಿಯಲ್ಲಿ ಸೀತಾರಾಮಪ್ಪ, ಅವರ ಕಡೆಯ ಹಿರಿಯರು, ನಾನು, ನನ್ನ ಪಕ್ಕದಲ್ಲಿ ವರ ಮಹಾಶಯ. ಹೂವಮ್ಮ ನಡುಮನೆಯ ಬಾಗಿಲಲ್ಲಿ ನಿಂತಿದ್ದಾಳೆ. ಎಲ್ಲರೂ ಗಂಟು ಬಾಯಿಗಿಟ್ಟರು. ಇವನು ಅದನ್ನು ಬೆರಳ ತುದಿಯಲ್ಲಿ ಹಿಡಿದು, ಮೇಲೆ ನೋಡಿ, ಕೆಳಗೆ ನೋಡಿ, ತಿರುಗಿಸಿ ನೋಡಿದ. ನಾನು ಅವನ ಮೊಣಕಾಲು ತಿವಿದೆ. ಅವನು ತಲೆಯೆತ್ತಿ, ಆ ಕೋಳಿ ಹಾರಿಸುವ ಕಂಠದಲ್ಲಿ, ಬಹಳ ಮರ್ಯಾದೆಯಿಂದ ಕೇಳಿದ:

“ಅಮ್ಮಾ, ಇದು ಗಂಟ್ಲು ಕೆರೀತದಾ?”

ಮೇಷ್ಟ್ರೇ, ಇಲ್ಲಿ ಒಂದು ಕ್ಷಣ ನಿಲ್ಲಿಸಿ. ಕೇಳುವವರಿಗೆ ಅರ್ಥವಾಗಲಿ.

ಮೊದಲು ಸೀತಾರಾಮಪ್ಪ ಕೆಮ್ಮಿದ. ಆಮೇಲೆ ಹಿರಿಯರು ಕೆಮ್ಮಿದರು. ಆಮೇಲೆ ಇಡೀ ಪಂಕ್ತಿಯೇ ಕೈ ಗಂಟಲಿಗೆ ಹಾಕಿಕೊಂಡು ಮಜ್ಜಿಗೆ ಮಜ್ಜಿಗೆ ಎಂದಿತು. ನನಗೂ ಕೆರೆಯಿತು, ಸುಳ್ಳೇಕೆ ಹೇಳಲಿ. ಎಲ್ಲ ಆ ಶಬ್ದದ ಮಹಿಮೆ ಎಂದುಕೊಂಡೆ. ಹುಡುಗ ಹೆಸರಿನಲ್ಲೇ ಕೆರೆತ ಕಟ್ಟಿಕೊಂಡು ಬಂದಿದ್ದಾನೆ ಎಂದು ಹಿರಿಯರಲ್ಲೊಬ್ಬರು ಕೆಮ್ಮಿನ ನಡುವೆಯೂ ಚುಚ್ಚಿದರು. ಲೋಲಾಕ್ಷಿ ಓಡಿಬಂದು ಸಾಲಾಗಿ ಮಜ್ಜಿಗೆ ಬಡಿಸಿದಳು. ನಿನ್ನ ಮಗನ ಎಲೆಯ ಮುಂದೆ ಬಂದಾಗ ತಡೆಯಲಾರದೆ ನಕ್ಕುಬಿಟ್ಟಳು. ಹೂವಮ್ಮ ಪಾತ್ರೆ ಎತ್ತಿಕೊಂಡು ಒಳಗೆ ಹೋದಳು. ನಾವು ಮನೆ ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು: ತನ್ನ ಕೈ ಅಡುಗೆಗೆ ಮಾತು ತಂದವನಿಗೆ ಕೊಡಲು ತನ್ನಲ್ಲಿ ಮಗಳಿಲ್ಲ, ಸಾಗರದ ಕಡೆಯಿಂದ ಬಂದಿರುವ ಸಂಬಂಧವನ್ನೇ ಮುಂದುವರಿಸುತ್ತೇನೆ ಎಂದು.

ಹೋಗಲಿ, ಪೀಡೆ ಕಳೆಯಿತು ಎಂದು ನಾನು ಕೈ ತೊಳೆದುಕೊಂಡಿದ್ದೆ. ಆದರೆ ನಿನ್ನ ಮಗ ಹಪ್ಪಳವನ್ನೂ ಬಿಟ್ಟ. ಬರೀ ಗಂಜಿನೀರು. ಗಿರಣಿಯ ಮೂಟೆ ಎತ್ತುವವನು ಗಂಜಿನೀರು ಕುಡಿದರೆ ನಡೆಯುತ್ತದೆಯೇ ಎಂದು ನಿನ್ನ ಅತ್ತಿಗೆ ಅತ್ತಳು. ನಾನು ಗದರಿಸಿ ಕೇಳಿದಾಗ ಕಂಬ ನೋಡುತ್ತ ಹೇಳಿದ:

“ನಂಗೆ ಆ ಹುಡುಗೀನೇ ಆಗ್ಬೇಕು ಮಾವ. ಅಷ್ಟು ಜನ ನನ್ನ ಬೈಯೋ ಹೊತ್ತಲ್ಲಿ ಅವಳೊಬ್ಳು ನಗಾಡಿದ್ಲು.”

ಹಾಗಾದರೆ ಕೆಸುವಿನ ಗಂಟು ತಿನ್ನುತ್ತೀಯಾ ಎಂದೆ. ಯೋಚಿಸಿದ. ನನ್ನ ಬಾಯಲ್ಲಿದ್ದ ಕವಳ ಮುಗಿಯುವವರೆಗೆ ಯೋಚಿಸಿ, ನೋಡ್ವ ಎಂದ. ತಂಗೀ, ಪ್ರೇಮಕ್ಕಾಗಿ ರಾಜ್ಯ ಬಿಟ್ಟ ರಾಜರ ಪಾತ್ರ ಮಾಡಿದವನು ನಾನು. ಒಂದು ಸೊಪ್ಪಿಗೆ ‘ನೋಡ್ವ’ ಎನ್ನುವ ಪ್ರೇಮಿಯನ್ನು ಯಾವ ರಂಗದ ಮೇಲೂ ಕಂಡಿರಲಿಲ್ಲ.

ಆಗ ನನಗೆ ಹೊಳೆದದ್ದು ನಮ್ಮ ವರ್ಷಾವಧಿಯ ನಾಟಕ, ನಾನೇ ಕಟ್ಟಿದ ‘ಕುಕ್ಷಿಕೇತ ಮಹಾರಾಜ’. ತಿಂದಷ್ಟೂ ಹಸಿವಾಗುವ ಶಾಪ ಹೊತ್ತ ರಾಜನ ಕಥೆ. ಅದರಲ್ಲಿ ಭೋಜನದ ಅಂಕಕ್ಕೆ ಊರಿನ ಪ್ರತಿ ಮನೆಯಿಂದಲೂ ಒಂದೊಂದು ಪಾತ್ರೆ ಅಡುಗೆ ಬರುತ್ತದೆ. ರಾಜ ಪ್ರತಿಯೊಂದರಿಂದಲೂ ತುತ್ತು ಎತ್ತಲೇಬೇಕು. ಯಾವ ಮನೆಯ ಪಾತ್ರೆ ಬಿಟ್ಟರೂ ಆ ಮನೆಯವರು ಮುಂದಿನ ಯುಗಾದಿವರೆಗೆ ಮಾತು ಬಿಡುತ್ತಾರೆ. ಹಳೆಯ ರಾಜನಿಗೆ ಈ ವರ್ಷ ಹಲ್ಲು ಹೋಗಿದೆ. ಕೆರಿಯಪ್ಪನಿಗೆ ಕಿರೀಟ ಕಟ್ಟಿದರೆ, ಹೂವಮ್ಮ ಹಟಕ್ಕೆ ಬಿದ್ದು ಕೆಸುವಿನ ಗಂಟನ್ನೇ ಕಳಿಸುತ್ತಾಳೆ. ಇವನು ಊರೆದುರಿಗೆ ಅದನ್ನು ಉಂಡರೆ ಅವಳ ಮಾನ ಅವಳಿಗೆ, ಹುಡುಗಿ ಇವನಿಗೆ. ಇದು ನನ್ನ ಉಪಾಯ. ಅವನಿಗೆ ಹೇಳಿದೆ, ಒಪ್ಪಿದ.

ತಾಲೀಮಿನ ಕಥೆ ಕೇಳಬೇಡ. ಅಡುಗೆಯ ಬದಲು ಮಂಡಕ್ಕಿ ಇಟ್ಟರೆ ಅದರಲ್ಲೂ ಕರಕಲಾದದ್ದನ್ನು ಆರಿಸಿ ಪಕ್ಕಕ್ಕಿಟ್ಟ. ಶಾಪಗ್ರಸ್ತ ರಾಜನಪ್ಪಾ, ಹೊಟ್ಟೆಯಲ್ಲಿ ಬೆಂಕಿ ಬಿದ್ದವನು, ಅವನು ಆರಿಸುತ್ತಾ ಕೂರುತ್ತಾನೆಯೇ ಎಂದು ಕೂಗಿ ಕೂಗಿ ನನ್ನ ಸ್ವರ ಬಿದ್ದುಹೋಯಿತು.

ಮೊನ್ನೆ ಹೊತ್ತು ಮುಳುಗುತ್ತಿದ್ದಂತೆ ಶಾಲೆಯ ಬಯಲಿನಲ್ಲಿ ಪರದೆ ಎದ್ದಿತು. ಮುಂದಿನ ಚಾಪೆಯಲ್ಲೇ ಹೂವಮ್ಮ, ಪಕ್ಕದಲ್ಲಿ ಲೋಲಾಕ್ಷಿ. ರಾಜ ಬಂದ. ಆ ನಿಲುವಿಗೇ ಚಪ್ಪಾಳೆ. ಭೋಜನದ ಅಂಕದಲ್ಲಿ ಒಂದೊಂದೇ ಮುಚ್ಚಳ ತೆಗೆದು ಕಣ್ಣು ಮುಚ್ಚಿ ನುಂಗತೊಡಗಿದ. ಬಸಳೆ ಹೋಯಿತು, ಕಳಲೆ ಹೋಯಿತು. ಜನ ಅದನ್ನು ರಾಜಗಾಂಭೀರ್ಯ ಎಂದುಕೊಂಡರು. ಕೊನೆಗೆ ಹೂವಮ್ಮನ ಪಾತ್ರೆ. ಬಯಲು ಬಯಲೇ ಉಸಿರು ಹಿಡಿಯಿತು, ಊರಿಗೆಲ್ಲ ಸಂಗತಿ ಗೊತ್ತಿತ್ತಲ್ಲ. ನಾನು ಹಾರ್ಮೋನಿಯಂ ಒತ್ತುವುದನ್ನೇ ಮರೆತೆ.

ಇಟ್ಟ. ಒಂದು ಗಂಟು ಬಾಯಿಗಿಟ್ಟ, ಅಗಿದ, ನುಂಗಿದ. ಕಣ್ಣು ಕೆಂಪಾಯಿತು. ಎರಡನೆಯದು ಇಟ್ಟ. ಕಣ್ಣೀರು ಸುರಿದು ಬಣ್ಣ ಕೆನ್ನೆಯ ಮೇಲೆ ಇಳಿಯಿತು. ಸಾಕು ಬಿಡೋ ಎಂದು ನಾನು ಪರದೆಯ ಮರೆಯಿಂದ ಸನ್ನೆ ಮಾಡಿದರೆ ನನ್ನತ್ತ ನೋಡಲೇ ಇಲ್ಲ. ಚಾಪೆಯ ಕಡೆಯೇ ನೋಡುತ್ತ ಇಡೀ ಪಾತ್ರೆ ಖಾಲಿ ಮಾಡಿದ, ತಂಗೀ. ಒಂದು ಗಂಟು ಮಾತ್ರ ಉಳಿಸಿದ, ಏಕೆಂದರೆ ಕೊನೆಯ ತುತ್ತನ್ನು ರಾಜನು ಮಂತ್ರಿಗೆ ಕೊಡಬೇಕು, ಮಂತ್ರಿ ಅದನ್ನು ತಿಂದು “ಅಮೃತ ಪ್ರಭೂ, ಅಮೃತ” ಎನ್ನಬೇಕು. ಹಾಗೆಂದು ನಾನೇ ಬರೆದದ್ದು.

ಮಂತ್ರಿ ಸೀತಾರಾಮಪ್ಪ ತಿಂದ. ‘ಅ’ ಎಂದು ಬಾಯಿ ತೆರೆದ. ಇಡೀ ಬಯಲಿಗೆ ಕೇಳುವಂತೆ ಬಂದದ್ದು ಬೇರೆ:

“ಥೋ, ಇವತ್ತೂ ಕೆರೀತದಲ್ಲೇ ಹೂವಿ.”

ಇವತ್ತೂ. ಆ ಕೊನೆಯ ದೀರ್ಘ ಕೇಳಿದಿರಾ ಮಹಾಜನಗಳೇ? ಬಯಲಿನ ಜನ ಕೇಳಿದರು. ಹಾಗಾದರೆ ದಿನವೂ ಕೆರೆಯುತ್ತಿತ್ತು. ಯಾವ ಕಾಲದಿಂದಲೋ ಆ ಮನೆಯವರು, ನೆಂಟರು, ಬೀಗರು ಎಲ್ಲರೂ ಕೆರೆಯುವ ಗಂಟಲಿಗೆ ಮಜ್ಜಿಗೆ ಸುರಿದುಕೊಂಡು ಹೊಗಳಿದ್ದರು. ನಗು ಚಾಪೆಯಿಂದ ಚಾಪೆಗೆ ಹಬ್ಬಿತು. ನನ್ನ ಕೊನೆಯ ಅಂಕಕ್ಕೆ ರಾಜನಿಗೆ ಸ್ವರವೇ ಇಲ್ಲ. ಬಾಯಿ ತೆರೆದರೆ ಹಳೆಯ ಬಾಗಿಲಿನ ಕೀರಲು. ಶಾಪ ಕಳೆಯದೆಯೇ ಪರದೆ ಬಿತ್ತು. ಇಷ್ಟು ವರ್ಷದ ನನ್ನ ನಾಟಕ ಒಂದು ಸೊಪ್ಪಿನಿಂದ ಮಣ್ಣುಪಾಲಾಯಿತು. ಇಲ್ಲಿ ನಿಟ್ಟುಸಿರು ಬಿಡಿ ಮೇಷ್ಟ್ರೇ, ಎಷ್ಟು ದೊಡ್ಡದಾದರೂ ಸರಿಯೇ.

ಇವತ್ತು ಬೆಳಿಗ್ಗೆ ಹೂವಮ್ಮ ತಾನೇ ಬಂದಳು, ಪಾತ್ರೆ ತೆಗೆದುಕೊಂಡು ಹೋಗಲು. ಜಗಲಿ ಹತ್ತಲಿಲ್ಲ. ಹುಡುಗನಿಗೆ ಸ್ವರ ಬಂತಾ ಎಂದು ಕೇಳಿದಳು. ಇಲ್ಲ ಎಂದೆ. ಖಾಲಿ ಪಾತ್ರೆಯ ತಳ ನೋಡಿ ಹೇಳಿದಳು:

“ಕೈ ಹಿಡಿದೋನು ಊರೆದ್ರಿಗೆ ಬಾಯಿ ಬಿಟ್ಟ. ಇವ ಅಷ್ಟೂ ಉಂಡು ಬಾಯಿ ಮುಚ್ಕಂಡಿದ್ದ. ನಾಳೆ ಊಟಕ್ಕೆ ಬನ್ನಿ ನಾಟಕದ ಮೇಷ್ಟ್ರೇ, ದಿನ ನೋಡ್ವ.”

ನನ್ನ ಕಣ್ಣಲ್ಲಿ ನೀರು ಬಂತು. ಆದರೆ ಆಕೆ ಅಂಗಳದ ಬೇಲಿಯ ದಣಪೆ ದಾಟುವವಳು ತಿರುಗಿ ನಿಂತು, ನಾಳೆಯೂ ಕೆಸುವಿನ ಗಂಟನ್ನೇ ಮಾಡುತ್ತೇನೆ, ಮೊನ್ನೆ ಬಯಲಿನಲ್ಲಿ ಕೂತಿದ್ದ ಹಿರಿಯರನ್ನೆಲ್ಲ ಪಂಕ್ತಿಗೆ ಕರೆದಿದ್ದೇನೆ, ಯಾರ ಗಂಟಲು ಕೆರೆಯುತ್ತದೋ ನೋಡಿಯೇ ಬಿಡುತ್ತೇನೆ, ಕೆರೆದರೆ ಮದುವೆಯ ಮಾತು ಅಲ್ಲಿಗೇ ನಿಲ್ಲಲಿ ಎಂದು ಹೇಳಿ ಹೋದಳು. ಒಳಗಿನಿಂದ ಕೇಳಿಸಿಕೊಂಡ ಕೆರಿಯಪ್ಪ ಊದಿದ ಗಂಟಲು ಹಿಡಿದುಕೊಂಡೇ ಉಣ್ಣುತ್ತೇನೆ ಎಂದು ಗೋಣು ಹಾಕಿದ. ಉಂಡರೆ ಇವನು ಉಂಡಾನು. ಪಂಕ್ತಿಯ ಉಳಿದವರ ಬಾಯಿಯನ್ನು ನಾನು ಹೊಲಿಯಲೇ? ಒಬ್ಬ ಉಣ್ಣುವುದಿಲ್ಲ ಎಂದು ಪ್ರಾಣ ತಿಂದ. ಇನ್ನೊಬ್ಬಳು ಉಣ್ಣಿಸಿಯೇ ತೀರುತ್ತೇನೆ ಎಂದು ತಿನ್ನುತ್ತಿದ್ದಾಳೆ. ನಡುವೆ ಈ ಮಾಸ್ತಪ್ಪ.

ದಿನ ಗೊತ್ತಾದರೆ ವೀಳ್ಯದ ಶಾಸ್ತ್ರಕ್ಕೆ ನೀನು ತೀರ್ಥಹಳ್ಳಿಯಿಂದ ಮೊದಲ ಬಸ್ಸಿಗೇ ಬರಬೇಕು. ಬರುವಾಗ ಮಗನಿಗೆಂದು ಹಪ್ಪಳದ ಡಬ್ಬಿ ತಂದರೆ ದಣಪೆಯಿಂದಲೇ ವಾಪಸು ಕಳಿಸುತ್ತೇನೆ.

ಇಂತಿ,
ಗಂಟಲಿಲ್ಲದ ರಾಜನನ್ನೂ ಬಾಯಿ ಬಿಟ್ಟ ಮಂತ್ರಿಯನ್ನೂ ಕಟ್ಟಿಕೊಂಡಿರುವ
ನಿನ್ನ ಅಣ್ಣ
ಮಾಸ್ತಪ್ಪ

ತಾ.ಕ.: ಮೇಷ್ಟ್ರೇ, ಇಲ್ಲಿಂದ ಮುಂದಿನದಕ್ಕೆ ಜಗಲಿಯವರನ್ನು ಎಬ್ಬಿಸಿ ಕಳಿಸಿ, ತಂಗಿಯ ಕಿವಿಗೆ ಮಾತ್ರ ಓದಿ. ಬೆಳ್ಳೀ, ಕಾಗದ ಮಡಿಸುವಷ್ಟರಲ್ಲಿ ಲೋಲಾಕ್ಷಿ ಬಂದು ನಿನ್ನ ಅತ್ತಿಗೆಗೆ ಗುಟ್ಟೊಂದನ್ನು ಹೇಳಿ ಹೋದಳು. ಹೂವಮ್ಮ ಹುಟ್ಟಿದಾರಭ್ಯ ಕೆಸುವನ್ನು ಬಾಯಿಗೇ ಇಟ್ಟಿಲ್ಲವಂತೆ. ಚಿಕ್ಕಂದಿನಿಂದ ಅದನ್ನು ಕಂಡರೆ ಆಗದು. ಮದುವೆಯಾಗಿ ಬಂದ ಮನೆಯಲ್ಲಿ ಅದೇ ಹೆಸರಾದದ್ದರಿಂದ ನೋಡಿ ಕಲಿತಳು. ಹುಳಿ ಸಾಲದಿದ್ದರೆ ಕೆಸು ಗಂಟಲು ಹಿಡಿಯುವುದು ನಿನಗೆ ಗೊತ್ತಲ್ಲ; ರುಚಿ ನೋಡಿ ಆ ಹುಳಿಯ ಹದ ಹೇಳುತ್ತಿದ್ದವಳು ಅತ್ತೆ. ಅತ್ತೆ ಹೋದ ಮೇಲೆ ಹುಳಿ ಸಾಲದು ಎನ್ನಲು ಯಾರಿಗೂ ಧೈರ್ಯವಿಲ್ಲ, ತಿಂದು ನೋಡು ಎನ್ನಲು ಮೊದಲೇ ಇಲ್ಲ. ಎಲ್ಲರಿಗೂ ಬಡಿಸಿ, ಕೊನೆಗೆ ಒಲೆಯ ಮುಂದೆ ಒಬ್ಬಳೇ ಕೂತು ಉಣ್ಣುವಾಗ ಆ ಪಾತ್ರೆಯತ್ತ ತಿರುಗಿಯೂ ನೋಡುವುದಿಲ್ಲವಂತೆ. ಈ ಮಾತನ್ನು ಅವಳೆದುರು ಹೇಳುವ ಗಂಡಸು ಹೊಸನಗರ ತಾಲ್ಲೂಕಿನಲ್ಲಿ ಇಲ್ಲ. ನಾನೂ ಅಲ್ಲ. ಆದ್ದರಿಂದ ನಾಳೆ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಅವರ ಅಂಗಳಕ್ಕೆ ಹೋಗುತ್ತೇನೆ. ನಿನ್ನ ಅತ್ತಿಗೆ ಹುಣಸೆಹಣ್ಣಿನ ದೊಡ್ಡ ಉಂಡೆಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಹಿತ್ತಲ ಬಾಗಿಲಿಗೆ ಹೋಗುತ್ತಾಳೆ. ಅಲ್ಲಿ ಲೋಲಾಕ್ಷಿ ಕಾದಿರುತ್ತಾಳೆ. ನಾನು ಅಂಗಳದ ನಡುವೆ ನಿಂತು, ಮೊನ್ನೆ ಆಡದೆ ಉಳಿದ, ಶಾಪ ಕಳೆದು ರಾಜ ಸಾಯುವ ಕೊನೆಯ ಅಂಕವನ್ನು ಇದ್ದಷ್ಟು ಸ್ವರದಲ್ಲಿ ಶುರು ಮಾಡುತ್ತೇನೆ. ಹೂವಮ್ಮ ಒಲೆ ಬಿಟ್ಟು ಜಗಲಿಗೆ ಬರುವವರೆಗೂ ನಿಲ್ಲಿಸುವುದಿಲ್ಲ, ಬಂದ ಮೇಲೂ ನಿಲ್ಲಿಸುವುದಿಲ್ಲ. ಒಳಗೆ ಹುಡುಗಿ ಹುಳಿ ಕಿವುಚಿ, ಪಾತ್ರೆಗೆ ಸುರಿದು, ಒಂದು ಕುದಿ ಬರಿಸುವವರೆಗೆ ಆ ರಾಜನನ್ನು ನಾನು ಸಾಯಲು ಬಿಡುವುದಿಲ್ಲ.