ಇಂಪು ಯಾರ ಹತ್ತಿರ ಇರಬೇಕು

ಜೂನ್ 10, ಸೋಮವಾರ

ಬೆಳಿಗ್ಗೆ ಮತ್ತೆ ವಾಂತಿ. ಮೂರನೇ ತಿಂಗಳು ಕಳೆದರೆ ನಿಲ್ಲುತ್ತದೆ ಎಂದು ನರ್ಸಿಂಗ್ ಹೋಂನಲ್ಲಿ ಬಸುರಿಯರಿಗೆಲ್ಲ ಹೇಳುವವಳು ನಾನೇ. ನನಗೇ ನಂಬಿಕೆ ಇಲ್ಲ.

ಇಂಪುವನ್ನು ಎಬ್ಬಿಸಿ, ಮುಖ ಒರೆಸಿ, ಸ್ವೆಟರ್ ಹಾಕಿ ಅವಳ ಅಪ್ಪ ಅಂಬರೀಶ್ ಹೆಗಲಿಗೆ ಕೊಟ್ಟೆ. ಮಾರಿಕುಪ್ಪಂ ರೈಲು. ಬಂಗಾರಪೇಟೆ ಪ್ಲಾಟ್‌ಫಾರ್ಮ್‌ನಲ್ಲಿ ಅವರ ಅಕ್ಕ ರಾಧಕ್ಕ ಕಾದಿರುತ್ತಾಳೆ. ಬೋಗಿಯ ಬಾಗಿಲಲ್ಲೇ ಮಗು ಕೈ ಬದಲಾಗುತ್ತದೆ. ಅಂಬರೀಶ್ ಅದೇ ರೈಲಿನಲ್ಲಿ ಬೆಂಗಳೂರಿಗೆ, ಫ್ಯಾಕ್ಟರಿಗೆ. ಸಂಜೆ ಹಾಗೆಯೇ ವಾಪಸ್. ಎರಡು ವರ್ಷದ ಮಗು ಅರ್ಧ ನಿದ್ದೆಯಲ್ಲಿ ಹೋಗಿ ಅರ್ಧ ನಿದ್ದೆಯಲ್ಲಿ ಬರುತ್ತದೆ.

ಪುಣ್ಯ ಎನ್ನಬೇಕು. ನೋಡಿಕೊಳ್ಳುವವಳು ಸ್ವಂತ ಸೋದರತ್ತೆ. ಮಕ್ಕಳಿಲ್ಲದ ರಾಧಕ್ಕ ಇವಳ ಮೇಲೆ ಜೀವವನ್ನೇ ಇಟ್ಟುಕೊಂಡಿದ್ದಾಳೆ. ಆಂಡರ್ಸನ್‌ಪೇಟೆಯಲ್ಲಿ ಈ ಬೀದಿಯ ಎಲ್ಲರೂ ಹೇಳುವುದು ಅದನ್ನೇ — ನಿನಗೇನು ಚಿಂತೆ.

ಜೂನ್ 16, ಭಾನುವಾರ

ರಜೆ. ಮೂವರೂ ಮನೆಯಲ್ಲಿ. ಇಂಪು ಅಂಗಳದಲ್ಲಿ ಜಾರಿ ಬಿದ್ದಳು. ಅಮ್ಮಾ ಎಂದು ಅಳುತ್ತ ಎದ್ದಳು. ಕೈ ಚಾಚಿ ಕೂತೆ. ನನ್ನನ್ನು ದಾಟಿ ಗೇಟಿನ ತನಕ ಓಡಿ, ಬೀದಿ ನೋಡಿದಳು.

“ಅಮ್ಮ ಎಲ್ಲಿ?”

“ಇಲ್ಲೇ ಇದೀನಲ್ಲ ಚಿನ್ನ.”

“ನೀನು ಭಾನಮ್ಮ.”

ಅಂಬರೀಶ್ ನಕ್ಕರು. “ಇಬ್ರು ಅಮ್ಮ ಇದ್ರೆ ಒಳ್ಳೇದೇ ಅಲ್ವಾ?”

ನಾನೂ ನಕ್ಕೆ. ಆಮೇಲೆ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ನಿಂತೆ.

ಜೂನ್ 27, ಗುರುವಾರ

ಸೋಮವಾರದಿಂದ ಇಂಪು ಬಂಗಾರಪೇಟೆಯಲ್ಲೇ. “ಮೈ ಬೆಚ್ಚಗೈತೆ, ರೈಲಲ್ಲಿ ಗಾಳೀಗೆ ಬ್ಯಾಡ” ಎಂದು ರಾಧಕ್ಕನ ಫೋನ್. ಇವತ್ತು ಆಫ್ ಸಿಕ್ಕಿತು. ಹೇಳದೆ ಹೋದೆ.

ಜ್ವರ ಇರಲಿಲ್ಲ. ಕಿವಿ ಚುಚ್ಚಿಸಿದ್ದಳು.

ಹೊಸ ಚಿನ್ನದ ಓಲೆ. ಎಡಗಿವಿ ಕೆಂಪಾಗಿ ಊದಿತ್ತು. ಸೋದರಮಾವನ ತೊಡೆಯ ಮೇಲೆ ಕೂರಿಸಿ ಚುಚ್ಚಿಸಬೇಕೆಂದು ನನ್ನ ತಮ್ಮ ವಿಜಯನಿಗೆ ಹೇಳಿಟ್ಟಿದ್ದೆ. ಅವನು ರಜೆಯನ್ನೂ ಕೇಳಿದ್ದ.

“ಯಾರ ತೊಡೆ ಮೇಲೆ ಕೂರಿಸಿದ್ರಿ ಅಕ್ಕ?”

“ನನ್ ತೊಡೆ ಮ್ಯಾಲೇ. ದಿನ ಚೆನ್ನಾಗಿತ್ತು ಭಾನು. ನಿಂಗೆ ಡ್ಯೂಟಿ.”

“ಒಂದು ಫೋನ್ ಮಾಡ್ಬೋದಿತ್ತು.”

“ಎಲ್ಲಾದಕ್ಕೂ ಕೇಳ್ಬೇಕಾ? ನಾನೇನು ಒರಗಿನೋಳಾ?”

ಬ್ಯಾಗಿನಿಂದ ಹತ್ತಿ ತೆಗೆದೆ. ಕಿವಿ ಒರೆಸಲು ಹೋದೆ. ಇಂಪು ಕಿರುಚಿ ರಾಧಕ್ಕನ ಕುತ್ತಿಗೆಗೆ ಜೋತುಬಿದ್ದಳು. ನರ್ಸ್ ಕೈ ಎಂದರೆ ಮಕ್ಕಳು ಹೆದರುತ್ತವೆ, ಅಷ್ಟೇ. ಅಷ್ಟೇ ಇರಬೇಕು.

ಕರೆದುಕೊಂಡು ಬಂದೆ. ಬಸ್ಸಿನುದ್ದಕ್ಕೂ ಅತ್ತಳು. ಪಕ್ಕದ ಹೆಂಗಸು ಕೇಳಿದಳು — ನಿಮ್ಮ ಮಗುನೇನಾ?

ಜುಲೈ 7, ಭಾನುವಾರ

ಕ್ಯಾಸಂಬಳ್ಳಿ. ಅತ್ತೆಯ ಮನೆ. ಊಟ ಆದ ಮೇಲೆ ಅತ್ತೆ ಕೊಟ್ಟಿಗೆ ಹತ್ತಿರ ಕರೆದರು. ಹಸುವಿಗೆ ಹುಲ್ಲು ಹಾಕುತ್ತ, ನನ್ನ ಕಡೆ ನೋಡದೆ ಹೇಳಿದರು.

“ನಿಂಗ್ಯಾಕೆ ಕಷ್ಟ ಮಗಾ. ಒಟ್ಟೇಲಿ ಇನ್ನೊಂದೈತೆ. ಇಂಪೂನ ರಾಧಂಗೇ ಬುಟ್ಬುಡು.”

“ಬಿಡೋದು ಅಂದ್ರೆ?”

“ಬುಡೋದು ಅಂದ್ರೆ ಬುಡೋದು. ಅವ್ಳೇ ಸಾಕ್ಲಿ, ಓದಿಸ್ಲಿ. ಎಲ್ಲಿಗೋ ಓಗ್ತದಾ? ನಮ್ಮನೆ ಮಗು ನಮ್ಮೋರತ್ರಾನೇ ಇರ್ತದೆ. ನೀನು ಯಾವಾಗ ಬೇಕಾದ್ರೂ ನೋಡು.”

ಯಾವಾಗ ಬೇಕಾದರೂ ನೋಡು! ಅಂಬರೀಶ್ ಕಡೆ ತಿರುಗಿದೆ. ಕಂಬಕ್ಕೆ ಒರಗಿ ನೆಲ ನೋಡುತ್ತಿದ್ದರು. ಅವರಿಗೆ ಮೊದಲೇ ಗೊತ್ತಿತ್ತು.

ದಾರಿಯಲ್ಲಿ ಬೈಕ್ ಮೇಲೆ ಕೇಳಿದೆ, ಅಮ್ಮನಿಗೆ ಏನು ಹೇಳಿದ್ರಿ ನೀವು?

“ಏನೂ ಹೇಳ್ಲಿಲ್ಲ.”

“ಬೇಡ ಅಂತಾನೂ ಹೇಳ್ಲಿಲ್ವಾ?”

ಅವರು ಬೈಕಿನ ವೇಗ ಹೆಚ್ಚಿಸಿದರು.

ಜುಲೈ 9, ಮಂಗಳವಾರ

ವಾರ್ಡಿನ ಆಯಾ ಪುಷ್ಪಾಳಿಗೆ ಹೇಳಿದೆ — ಮಗು ನೋಡಿಕೊಳ್ಳಲು ಯಾರಾದರೂ ಬೇಕು, ನನ್ನ ಮನೆಯಲ್ಲೇ. ಸಂಜೆಗೇ ಮಾರಿಯಮ್ಮನನ್ನು ಕರೆತಂದಳು. ಇಲ್ಲೇ ಚಿನ್ನದ ಗಣಿಯ ಮೈಸೂರು ಮೈನ್ಸ್ ಕಡೆಯವರು. ಐವತ್ತು ದಾಟಿದೆ. ಕೂರಲೂ ಇಲ್ಲ, ನಿಂತೇ ಮಾತು.

“ಸಿಸ್ಟರ್, ಮೊದ್ಲೇ ಹೇಳ್ಬುಡ್ತೀನಿ. ಸಾಯಂಕಾಲ ಆರಾದ್ರೆ ಹೊರಡ್ತೀನಿ. ಭಾನುವಾರ ಬರಲ್ಲ. ಪಾಪಾ ಮೇಲೆ ಕೈ ಮಾಡಲ್ಲ. ಯಾರಾದ್ರೂ ನನ್ನ ಮೇಲೆ ಬಾಯಿ ಮಾಡಿದ್ರೆ ನಿಲ್ಲಲ್ಲ.”

ಇಂಪುವನ್ನು ಮುದ್ದು ಮಾಡಲಿಲ್ಲ. ಕಿವಿ ನೋಡಿ, “ಕೀವು ಬರ್ತಾ ಇದೆ, ಗಮನಿಸಿ” ಎಂದರು.

ಅಂಬರೀಶ್ ಸಿಟ್ಟಾದರು. “ಮನೇಲಿ ಜನ ಇಟ್ಕೊಂಡು ಗೊತ್ತಿಲ್ಲದೋರ ಕೈಗೆ ಕೊಡ್ತೀಯಾ?”

“ಮನೇಲಿರೋ ಜನ ವಾಪಸ್ ಕೊಡಲ್ವಲ್ಲ, ಅದಕ್ಕೆ.”

ಇಷ್ಟು ಗಟ್ಟಿಯಾಗಿ ಮದುವೆಯಾದಾಗಿನಿಂದ ಮಾತಾಡಿರಲಿಲ್ಲ.

ಜುಲೈ 15, ಸೋಮವಾರ

ರೈಲಿಗೆ ಇಂಪು ಹೋಗಲಿಲ್ಲ. ಮೊದಲ ದಿನ. ಡ್ಯೂಟಿಯಲ್ಲಿ ಮತ್ತೆ ಮತ್ತೆ ಫೋನ್ ಮಾಡಿದೆ. ಕೊನೆಗೆ ಮಾರಿಯಮ್ಮ, “ಸಿಸ್ಟರ್, ನೀವು ಫೋನ್ ಮಾಡ್ತಾ ಇದ್ರೆ ಪಾಪಾಗೆ ಊಟ ಯಾರು ತಿನ್ನಿಸೋದು?”

ರಾಧಕ್ಕನಿಗೆ ನಾನೇ ಹೇಳಿದ್ದೆ, ನಿನ್ನೆ. ಆದರೂ ಇವತ್ತು ಪ್ಲಾಟ್‌ಫಾರ್ಮ್‌ಗೆ ಬಂದಿದ್ದಳಂತೆ. ಅಂಬರೀಶ್ ಬರಿಗೈಯಲ್ಲಿ ಬಾಗಿಲಲ್ಲಿ ನಿಂತಿದ್ದರಂತೆ.

ಪಾಪ ಎನಿಸಿತು. ಪಾಪ ಎನಿಸಿದರೆ ಸೋಲುತ್ತೇನೆ.

ಜುಲೈ 24, ಬುಧವಾರ, ಮಧ್ಯಾಹ್ನ, ಬಸ್ಸಿನಲ್ಲಿ

ಔಷಧಿ ಚೀಟಿಯ ಹಿಂದೆ ಬರೆಯುತ್ತಿದ್ದೇನೆ. ಸುಮ್ಮನೆ ಕೂರಲಾಗುತ್ತಿಲ್ಲ.

ಹೆರಿಗೆ ಕೇಸ್. ಫೋನ್ ಲಾಕರ್‌ನಲ್ಲಿತ್ತು. ಹೊರಗೆ ಬಂದಾಗ ಮಾರಿಯಮ್ಮನ ಮಿಸ್ಡ್ ಕಾಲ್ ಸಾಲು. ರಾಧಕ್ಕ ಮನೆಗೆ ಬಂದಿದ್ದಳಂತೆ. “ಭಾನೂನೇ ಮಗೂನ ಕರ್ಕೊಂಡು ಬಾ ಅಂದ್ಲು” ಎಂದಳಂತೆ. ಮಾರಿಯಮ್ಮ ಬಾಗಿಲಿಗೆ ಅಡ್ಡ ನಿಂತರಂತೆ.

“ನಿಮಗೆ ಮಾಡ್ದೆ, ಎತ್ತಲಿಲ್ಲ. ಸಾರ್‌ಗೆ ಮಾಡ್ದೆ. ನಮ್ಮಕ್ಕಾನೇ, ಕೊಡಿ ಅಂದ್ರು. ಅಪ್ಪ ಹೇಳಿದ್ಮೇಲೆ ನಾನೇನು ಮಾಡ್ಲಿ ಸಿಸ್ಟರ್?”

ರಾಧಕ್ಕನ ಫೋನ್ ಸ್ವಿಚ್ಡ್ ಆಫ್.

ಅಂಬರೀಶ್‌ಗೆ ಫೋನ್ ಮಾಡಿದೆ. “ಮನೇಲೇ ಇರ್ತಾಳೆ, ಗಾಬರಿ ಬೀಳ್ಬೇಡ” ಎಂದರು. ರಾಧಕ್ಕನ ಗಂಡ, ಬಾವ ಗೋಪಿನಾಥ್‌ಗೆ ಮಾಡಿದೆ. ಅಂಗಡಿಯಲ್ಲಿದ್ದರು. “ಬೆಳಗ್ಗೆ ಬಟ್ಟೆ ಬ್ಯಾಗ್ ತಗೊಂಡೋದ್ಲಲ್ಲಮ್ಮ. ಎರಡು ದಿನ ನಿಮ್ಮನೇಲಿದ್ದು ಬತ್ತೀನಿ ಅಂದ್ಲು. ಅಲ್ಲಿಲ್ವಾ?”

ಬಸ್ಸು ಎಲ್ಲ ಸ್ಟಾಪಿನಲ್ಲೂ ನಿಲ್ಲುತ್ತಿದೆ.

ಜುಲೈ 25, ಗುರುವಾರ

ರಜೆ ಹಾಕಿದ್ದೇನೆ. ನಿನ್ನೆಯದು ಬರೆದುಬಿಡಬೇಕು.

ಬಂಗಾರಪೇಟೆಯಲ್ಲಿ ಬಾವ ಸ್ಕೂಟರ್ ತಂದಿದ್ದರು. ಮನೆಗೆ ಬೀಗ. ಬಸ್‌ಸ್ಟ್ಯಾಂಡಿನಲ್ಲಿ ಇಲ್ಲ. ಪೊಲೀಸ್ ಸ್ಟೇಷನ್‌ಗೆ ಹೋಗೋಣ ಎಂದೆ. ಬಾವನ ಮುಖ ಬಿಳಿಚಿತು. ತಡೆಯಲಿಲ್ಲ. “ರೈಲ್ವೆ ಸ್ಟೇಷನ್ ನೋಡ್ಬುಟ್ಟು ಓಗಾಣಮ್ಮ” ಎಂದರು ಅಷ್ಟೇ.

ಚೆನ್ನೈ ಕಡೆಯ ಪ್ಲಾಟ್‌ಫಾರ್ಮ್‌ನ ತುದಿ. ಸಿಮೆಂಟ್ ಬೆಂಚು. ರಾಧಕ್ಕ ಕೂತಿದ್ದಳು. ತೊಡೆಯ ಮೇಲೆ ಇಂಪು ನಿದ್ದೆ. ಬಿಸಿಲು ಬೀಳದಂತೆ ಸೆರಗು ಹಿಡಿದಿದ್ದಳು.

ಬೈಯಬೇಕೆಂದು ಓಡಿದವಳು ನಾನು. ಹತ್ತಿರ ಹೋದಾಗ ಉಸಿರೇ ಇರಲಿಲ್ಲ.

“ಎಲ್ಲಿಗೆ ಹೊರಟಿದ್ರಿ?”

“ಗೊತ್ತಿಲ್ಲ.”

“ಅಕ್ಕ!”

“ಗೊತ್ತಿಲ್ಲ ಭಾನು. ರೈಲು ಬಂತು, ಓಯ್ತು. ಇನ್ನೊಂದು ಬಂತು. ಎದ್ದೆ. ಅತ್ತೋಕಾಗ್ಲಿಲ್ಲ.” ಸೆರಗನ್ನು ಇನ್ನಷ್ಟು ಮುಂದಕ್ಕೆ ಎಳೆದು, “ಆಯಮ್ಮ ನನ್ನ ಬಾಗ್ಲಲ್ಲೇ ನಿಲ್ಸುದ್ಲು. ನೀವ್ಯಾರು ಅಂತ ಕೇಳುದ್ಲು. ಏನಂತ ಏಳ್ಲಿ?”

ಇಂಪು ಅಲುಗಿದಳು. ಕಣ್ಣು ಮುಚ್ಚಿಯೇ “ಅಮ್ಮಾ” ಎಂದಳು. ಇಬ್ಬರೂ ಒಟ್ಟಿಗೆ ಬಾಗಿದೆವು. ನಮ್ಮ ತಲೆ ತಾಗಿತು. ಯಾರನ್ನು ಕರೆದಳೋ ದೇವರಿಗೇ ಗೊತ್ತು.

ರಾಧಕ್ಕ ಮೊದಲು ಹಿಂದೆ ಸರಿದಳು. “ಎತ್ಕೋ” ಎಂದಳು. ಬಾವ ಬ್ಯಾಗ್ ಎತ್ತಿಕೊಂಡು ಅವಳ ಹಿಂದೆ ನಡೆದರು. ಅವಳು ತಿರುಗಿ ನೋಡಲಿಲ್ಲ.

ಸಂಜೆ ಅಂಬರೀಶ್ ಬಂದರು. ನಾನು ಕೂಗಾಡಲಿಲ್ಲ. “ನನ್ನನ್ನ ಕೇಳದೆ ಕೊಟ್ರಿ” ಎಂದೆ. ಅದನ್ನೇ ಮೂರು ಸಲ. ಮೂರನೆಯ ಸಲ ಅವರು ಗೋಡೆಗೆ ಒರಗಿ ಕೂತರು. “ಅವತ್ತು ಅಮ್ಮ ಕೇಳ್ದಾಗ್ಲೇ ಆಗಲ್ಲ ಅನ್ಬೇಕಿತ್ತು. ಅಕ್ಕನ ಮುಖ ನೋಡಿ ಬಾಯಿ ಬರ್ಲಿಲ್ಲ.”

ಮಾರಿಯಮ್ಮ ಇವತ್ತು ಬಂದಿದ್ದು ಬೇರೆ ಕಡೆ ನೋಡಿಕೊಳ್ಳಿ ಎನ್ನಲು. ಅಂಬರೀಶ್ ಎದ್ದು ನಿಂತರು. “ತಪ್ಪು ನಂದು. ಇನ್ಮೇಲೆ ಇವಳು ಹೇಳದೆ ನಾನೇ ಬಂದು ಕೇಳಿದ್ರೂ ಕೊಡ್ಬೇಡಿ.”

ಮಾರಿಯಮ್ಮ ಅವರನ್ನು ಅಳೆಯುವಂತೆ ನೋಡಿದರು. ಚಪ್ಪಲಿ ಬಿಟ್ಟು ಒಳಗೆ ಬಂದರು.

ಆಗಸ್ಟ್ 12, ಸೋಮವಾರ

ಬರೆಯಲು ಏನೂ ಇರಲಿಲ್ಲ. ಕಿವಿ ಒಣಗಿದೆ. ಇಂಪು ಮಾರಿಯಮ್ಮನಿಂದ ತಮಿಳಿನಲ್ಲಿ ಲೆಕ್ಕ ಕಲಿತಿದ್ದಾಳೆ — ಒಣ್ಣು, ರೆಂಡು, ಆಮೇಲೆ ನೇರವಾಗಿ ಪತ್ತು. ಅತ್ತೆ ಫೋನ್ ಎತ್ತುತ್ತಿಲ್ಲ.

ಬಾವ ನರ್ಸಿಂಗ್ ಹೋಂಗೆ ಬಂದಿದ್ದರು. ರಾಧಕ್ಕ ಸರಿಯಾಗಿ ಉಣ್ಣುತ್ತಿಲ್ಲವಂತೆ. ಬೆಳಿಗ್ಗೆ ರೈಲಿನ ಸದ್ದಿಗೆ ಎದ್ದು ಕೂರುತ್ತಾಳಂತೆ. “ಕಳ್ಸು ಅಂತ ಕೇಳೋಕೆ ಬರ್ಲಿಲ್ಲಮ್ಮ” ಎಂದು ಹೇಳಿ ಹೋದರು.

ಒಂದು ವರ್ಷ ನನ್ನ ಮಗುವಿಗೆ ಉಣ್ಣಿಸಿದವಳು. ಮಾರಿಯಮ್ಮನಾದರೆ ಆರಕ್ಕೆ ಹೊರಡುತ್ತಾರೆ, ಅಲ್ಲಿಗೆ ಮುಗಿಯಿತು. ಇವಳಿಗೆ ಎಷ್ಟು ಹೊತ್ತಿಗೆ ಹೊರಡು ಎನ್ನಲಿ?

ಆಗಸ್ಟ್ 18, ಭಾನುವಾರ, ಬೆಳಿಗ್ಗೆ

ನಿನ್ನೆ ನಾನೇ ಫೋನ್ ಮಾಡಿದೆ. “ನಾಳೆ ಬನ್ನಿ ಅಕ್ಕ. ಇಲ್ಲೇ ಊಟ ಮಾಡಿ, ಸಂಜೆ ಹೋಗಿ.” ಸಂಜೆ ಹೋಗಿ ಎಂಬುದನ್ನು ಒತ್ತಿ ಹೇಳಿದೆ. ಅವಳಿಗೂ ಕೇಳಿಸಿತು. “ಊಂ” ಎಂದಳು.

ಅಂಬರೀಶ್ ಕರೆತರಲು ಬಸ್‌ಸ್ಟಾಪಿಗೆ ಹೋಗಿದ್ದಾರೆ. ಸಾರು ಇಳಿಸಿದ್ದೇನೆ. ಇಂಪು ನನ್ನ ತೊಡೆಯ ಮೇಲೆ, ಪೆನ್ನು ಎಳೆಯುತ್ತಿದ್ದಾಳೆ. ಸರಿ ಮಾಡುತ್ತಿದ್ದೇನೋ ಇಲ್ಲವೋ.

ಗೇಟಿನ ಸದ್ದು. ಅಂಬರೀಶ್ ದನಿ. ಜೊತೆಯಲ್ಲಿ ಮಾತಿಲ್ಲದ ಇನ್ನೊಂದು ಹೆಜ್ಜೆ.

ಬಾಗಿಲು ತೆಗೆಯಬೇಕು. ಇವಳನ್ನು ಎತ್ತಿಕೊಂಡೇ ಹೋಗಲೋ, ಕೆಳಗೆ ಇಳಿಸಿ ಯಾರ ಹತ್ತಿರ ಓಡುತ್ತಾಳೋ ನೋಡಲೋ —